ಹುಳುಮನೆಯ ಇರುವೆಗಳು

ಬೈರಕೂರಿನ ಚನ್ನರಾಯಪ್ಪನಿಗೆ ಸೊಸೆಯ ಜೊತೆ ನೇರವಾಗಿ ಮಾತಾಡಿ ರೂಢಿಯಿಲ್ಲ. ಆರು ವರ್ಷಗಳಿಂದ ಏನೇ ಹೇಳಬೇಕಿದ್ದರೂ ಗೋಡೆಗೋ, ಎಮ್ಮೆಗೋ, ಮೊಮ್ಮಗಳು ಮೇಘನಳಿಗೋ ಹೇಳುತ್ತಿದ್ದ. ಸೊಸೆ ಶೋಭಾರಾಣಿ ಕೇಳಿಸಿಕೊಳ್ಳುತ್ತಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ಅವಳಿಗೆ ಪಾಸಿಟಿವ್ ಬಂದ ದಿನವೂ ಅವನು ಅಂಗಳದ ತೆಂಗಿನಮರಕ್ಕೇ ಹೇಳಿದ: "ಹುಳುಮನೆ ಖಾಲಿ ಇದೆ. ಹದಿನಾಲ್ಕು ದಿನ ಅಲ್ಲೇ ಇರ್ಲಿ."

ಹುಳುಮನೆ ಎಂದರೆ ಹಿಪ್ಪುನೇರಳೆ ತೋಟದ ಅಂಚಿನಲ್ಲಿ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ಇರುವೆ ಹತ್ತದಿರಲೆಂದು ಹುಳುವಿನ ತಟ್ಟೆಗಳನ್ನು ಜೋಡಿಸುವ ಸ್ಟ್ಯಾಂಡುಗಳ ಪ್ರತಿ ಕಾಲಿಗೂ ಒಂದೊಂದು ನೀರಿನ ಬಟ್ಟಲು. ಮಾರನೆಯ ದಿನದಿಂದ ಹುಳುವಿನ ವೇಳಾಪಟ್ಟಿಯೇ ಅವಳಿಗೂ ಬಂತು. ಬೆಳಗ್ಗೆ ಆರಕ್ಕೆ ಗಂಜಿ, ಹನ್ನೊಂದಕ್ಕೆ ಮುದ್ದೆ, ನಾಲ್ಕಕ್ಕೆ ಕಷಾಯ, ಎಂಟಕ್ಕೆ ಮತ್ತೆ ಊಟ. ಮಾವ ತಟ್ಟೆಯನ್ನು ಕಿಟಕಿಯಲ್ಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ತೋಟಕ್ಕೆ ಹೇಳುತ್ತಿದ್ದ: "ಒಳಗಿರೋರು ಕಿಟಕಿ ತೆಗ್ದಿಡ್ಲಿ, ಗಾಳಿ ಆಡ್ಲಿ. ಈ ಗೋಡೆಯಿಂದ ಆ ಗೋಡೆಗೆ ನಡೀಲಿ."

ತಟ್ಟೆ ವಾಪಸ್ಸಾದಾಗ ಬಗ್ಗಿ ನೋಡುತ್ತಿದ್ದ. ತಟ್ಟೆಯಲ್ಲಿ ಎಷ್ಟು ಎಲೆ ಉಳಿದಿದೆ ಎಂದು ನೋಡಿ ಹುಳುವಿನ ಆರೋಗ್ಯ ಹೇಳುವ ಮನುಷ್ಯ ಅವನು. ಶೋಭಾರಾಣಿಯ ತಟ್ಟೆ ಯಾವಾಗಲೂ ಖಾಲಿ.

ಆದರೆ ಅವಳು ತಿನ್ನುತ್ತಿರಲಿಲ್ಲ. ಅವಳು ಕೆಲಸಕ್ಕೆ ಹೋಗುವ ನರಸಾಪುರದ ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನ ರಜನಿ ಕೋಲಾರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಳು. ಅದು ನೆನಪಾದರೆ ತಟ್ಟೆ ಪಕ್ಕಕ್ಕಿಡುತ್ತಿದ್ದಳು. ಮುದ್ದೆಯನ್ನು ಪೇಪರಿನಲ್ಲಿ ಸುತ್ತಿ ಸ್ಟ್ಯಾಂಡಿನ ಹಿಂದಿನ ಮೂಲೆಗೆ ತಳ್ಳಿಬಿಡುತ್ತಿದ್ದಳು.

ಐದನೆಯ ದಿನ ಆಶಾ ಕಾರ್ಯಕರ್ತೆ ಶಾಮಲಮ್ಮ ಕಿಟಕಿಯಲ್ಲೇ ಬೆರಳಿಗೆ ಕ್ಲಿಪ್ಪು ಹಾಕಿದಳು. ಆಕ್ಸಿಜನ್ ತೊಂಬತ್ನಾಲ್ಕು.

"ಇನ್ನೊಂದು ಇಳಿದ್ರೆ ಕೋಲಾರಕ್ಕೆ ಆಂಬ್ಯುಲೆನ್ಸೇ ಕಣಮ್ಮ. ಹೊಟ್ಟೆಗೆ ತಿಂತಿದ್ದೀಯ ತಾನೆ?"

"ಹೂಂ."

ತೋಟದಾಚೆಯಿಂದ ಮೇಘನ ಕೂಗಿದಳು. "ಅಮ್ಮಾ, ಇವತ್ತು ಬರ್ತೀಯಾ?" ಕೋಲಾರಕ್ಕೆ ಹೋದರೆ ಆ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೋ ಶೋಭಾರಾಣಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ತಟ್ಟೆ ತಂದ ಮಾವ ಬಾಗಿಲ ಮುಂದೆ ನಿಂತುಬಿಟ್ಟ. ಬಾಗಿಲ ಸಂದಿಯಲ್ಲಿ ಇರುವೆಗಳ ಕೆಂಪು ಸಾಲು. ಅವಳು ಮೂಲೆಯ ಕಡೆ ನೋಡಿದಳು. ಗಂಡ ಮುರಳಿಮೋಹನ್ ಒಮ್ಮೆ ಮರೆತು ಬೆಲ್ಲದ ಚೂರು ಒಳಗೆ ತಂದಿದ್ದಕ್ಕೆ ಇದೇ ಮಾವ ಕಡ್ಡಿ ಹಿಡಿದು ಮೀಸೆ ಬಂದ ಮಗನನ್ನು ತೋಟವೆಲ್ಲ ಅಟ್ಟಿಸಿಕೊಂಡು ಹೋಗಿದ್ದ.

ಚನ್ನರಾಯಪ್ಪ ಕುಕ್ಕರಗಾಲಲ್ಲಿ ಕೂತ. ಸಾಲನ್ನು ಕಣ್ಣಲ್ಲೇ ಹಿಂಬಾಲಿಸಿದ. ತಲೆಯೆತ್ತಿ, ತೋಟಕ್ಕಲ್ಲ, ಕಿಟಕಿಗೇ ಕೇಳಿದ: "ಎಷ್ಟು ದಿನದ್ದು?"

"ಮೊದಲ್ನೇ ದಿನದಿಂದ, ಮಾವ."

ಅವನು ಎದ್ದು ಹೋದ. ಕಡ್ಡಿ ತರಲು ಹೋದನೇನೋ ಎಂದುಕೊಂಡಳು. ತನ್ನ ತಟ್ಟೆ ತಂದು ಹತ್ತು ಹೆಜ್ಜೆ ದೂರದಲ್ಲಿ ಟೊಮ್ಯಾಟೊ ಕ್ರೇಟು ಬೋರಲು ಹಾಕಿ ಕೂತ.

"ರುಚಿ ಇಲ್ವಾ?"

"ಮಣ್ಣು ತಿಂದಂಗಿರ್ತದೆ."

"ಇರ್ಲಿ. ಹೊತ್ತಿಗೆ ಸರಿಯಾಗಿ ಎಲೆ ಹಾಕಿದ್ರೆ ಹುಳ ಬಾಯಾಡಿಸ್ತದೆ. ರುಚಿ ಕೇಳಲ್ಲ."

"ನಾನೇನು ಹುಳನಾ ಮಾವ?"

"ಹುಳ ಆಗಿದ್ರೆ ಚೆನ್ನಾಗಿತ್ತು. ಹುಳ ಮುದ್ದೆ ಬಚ್ಚಿಡಲ್ಲ."

ಅವಳಿಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವನು ಅರ್ಧ ಎದ್ದ. ಹೆದರಿದಾಗ ಅವನಿಗೆ ತೆಲುಗೇ ಬರುವುದು. "ಏಂ ಕಾದಮ್ಮಾ, ಏಂ ಕಾದು. ಏನೂ ಆಗಲ್ಲ, ತಿನ್ನು."

ಅವನು ಒಂದು ತುತ್ತು ನುಂಗಿ ಕಾದ. ಅವಳು ನುಂಗಿದ ಮೇಲೆ ಇನ್ನೊಂದು. ಅರ್ಧ ಮುದ್ದೆಗೆ ಮುಕ್ಕಾಲು ಗಂಟೆ ಹಿಡಿಯಿತು.

"ಈ ಸಲ ಹುಳ ಯಾವಾಗ ಬರ್ತದೆ ಮಾವ?"

ಎಲೆ ಆಳೆತ್ತರ ಬೆಳೆದು ನಿಂತಿತ್ತು. "ಪಕ್ಕದ ತೋಟದ ಮುನಿಕೃಷ್ಣಪ್ಪನ ಮನೆಗೆ ಹೋಯ್ತು. ಎಲೇನೂ ಅವನೇ ಕೊಯ್ಕೊಳ್ತಾನೆ," ಎಂದು ಕೈ ತೊಳೆಯಲು ಎದ್ದ. ತಾನು ಇಲ್ಲಿ ಮಲಗಲೆಂದು ಮಾವ ಒಂದು ಬೆಳೆಯನ್ನೇ ಬಿಟ್ಟುಕೊಟ್ಟಿದ್ದಾನೆ ಎಂದು ಅವಳಿಗೆ ಆಗ ಗೊತ್ತಾಯಿತು. ಅದನ್ನು ಅವನು ತೆಂಗಿನಮರಕ್ಕೂ ಹೇಳಿರಲಿಲ್ಲ.

ಅಂದು ಮಧ್ಯಾಹ್ನ ಅವಳು ಮೂಲೆ ಗುಡಿಸಿ, ಹೊಸಿಲಿಗೆ ಬೂದಿ ಎಳೆದು, ಹುಳುವೇ ಇಲ್ಲದ ಸ್ಟ್ಯಾಂಡುಗಳ ಬಟ್ಟಲುಗಳಿಗೆಲ್ಲ ಹೊಸ ನೀರು ತುಂಬಿದಳು. ಆಮೇಲೆ ದಿನಾ ಗಂಜಿ ಕುಡಿದ ಮೇಲೆ ಅದೇ ಕೆಲಸ. ಒಂದೊಂದು ಬಟ್ಟಲು ತುಂಬುವಾಗ ಒಬ್ಬೊಬ್ಬರನ್ನು ನೆನೆಯುವುದು ಹೇಗೋ ಅಭ್ಯಾಸವಾಯಿತು. ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ಅತ್ತೆ ಭಾರತಮ್ಮ, ಬಿಸಿಲಲ್ಲಿ ಮನೆಮನೆ ಅಲೆಯುವ ಶಾಮಲಮ್ಮ, ತೋಟದಾಚೆ ನಿಂತು ಪೆದ್ದನಂತೆ ಕೈಬೀಸುವ ಗಂಡ. ಬಟ್ಟಲು ಜಾಸ್ತಿ, ಜನ ಕಮ್ಮಿ. ಕೊನೆಯೆರಡು ಎಮ್ಮೆಗೂ ತೆಂಗಿನಮರಕ್ಕೂ ಹೋದವು.

ಹತ್ತನೆಯ ದಿನ ಕ್ಲಿಪ್ಪು ತೊಂಬತ್ತೇಳು ತೋರಿಸಿತು. ಸಂಜೆ ಫೋನಿನಲ್ಲಿ ರಜನಿಯ ಕೀಚಲು ದನಿ: "ಲೇ, ಆಕ್ಸಿಜನ್ ಮಾಸ್ಕ್ ತೆಗ್ದ್ರು ಕಣೇ. ಕಿಟಕಿ ಸೀಟು ನಂದೇ, ನೆನಪಿರ್ಲಿ."

ಹದಿನೈದನೆಯ ದಿನ ಬೆಳಗ್ಗೆ ಚನ್ನರಾಯಪ್ಪ ಬಾಗಿಲು ತೆರೆದು ಒಳಗೆ ಬಂದ. ಬಟ್ಟಲುಗಳನ್ನು ಒಂದೊಂದಾಗಿ ನೋಡಿದ. ಮೂಲೆಗೆ ಬಗ್ಗಿ ಇರುವೆ ಹುಡುಕಿದ. ಒಂದೂ ಇರಲಿಲ್ಲ. ರೂಢಿಯಂತೆ ಗೋಡೆಯ ಕಡೆ ತಿರುಗಿ, "ಒಳಗಿರೋರು..." ಎಂದು ಅಲ್ಲಿಗೇ ನಿಲ್ಲಿಸಿದ.

ಆಮೇಲೆ ಅವಳ ಕಡೆ ತಿರುಗಿದ.

"ನಡಿಯಮ್ಮ ಶೋಭಾ. ಆರಾಯ್ತು, ಗಂಜಿ ಹೊತ್ತು."