ನಜಮುನ್ನಿಸಾ ತೋರಿಸಿದ ಗಡಿಯಾರ

ಎಪ್ಪತ್ತೊಂದು — ಪರದೆಯ ಮೂಲೆಯ ಹಸಿರು ಪಟ್ಟಿ ಇನ್ನೊಂದು ಗೆರೆ ಇಳಿಯಿತು, ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದಾಗ ತೊಂಬತ್ತಿತ್ತು, ಈಗ ನಾನೇನೂ ಮುಟ್ಟುತ್ತಿಲ್ಲ, ಕೈಕಟ್ಟಿ ಕೂತಿದ್ದೇನೆ, ಆದರೂ ಯಂತ್ರದೊಳಗಿನ ಖಾಲಿ ಜಾಗ ಸೋರುತ್ತಿದೆ, ಹೊರಗೆ ಜೇವರ್ಗಿಯ ತಹಸೀಲ್ ಕಚೇರಿ ಮುಂದೆ ಅರ್ಜಿ ಹಿಡಿದವರ ಗದ್ದಲ, ಒಳಗೆ ಈ ಟೈಪಿಂಗ್ ಅಂಗಡಿಯ ಮಾಲೀಕ ದೌಲತರಾಯರು ಎರಡನೇ ಸಲ ಕೇಳುತ್ತಿದ್ದಾರೆ, ಏನಾಗ್ಯದ ಗೊತ್ತಾತೇನ್ರಿ ದೇವೀಂದ್ರಪ್ಪ, ಇನ್ನೂ ನೋಡಾಕತ್ತೇನ್ರಿ ಅಂದೆ, ಸುಳ್ಳು, ಗೊತ್ತಾಗಿ ಅರ್ಧ ತಾಸಾಯಿತು. ದಿನಾ ಮಧ್ಯಾಹ್ನ ಮೂರರ ಸುಮಾರಿಗೆ ಹೊಸದೇನೂ ತೆರೆಯುವುದಿಲ್ಲ, ತೆರೆದಿದ್ದದ್ದು ನಡೆಯುತ್ತದೆ, ಹೊಸದು ಕೇಳಿದರೆ ಜಾಗ ಸಾಲದು ಅನ್ನುತ್ತದೆ, ಆರಿಸಿ ಹಚ್ಚಿದರೆ ಸರಿ, ಮರುದಿನ ಮತ್ತೆ ಅದೇ — ದೀಪಾವಳಿ ಹೊತ್ತಿಗೂ ಹೀಗೇ ಆಗಿತ್ತು, ಆಗ ಈ ಕುರ್ಚಿ ನಜಮುನ್ನಿಸಾಳದು, ಕೊಳಕೂರಿನಿಂದ ಬಸ್ಸಿಗೆ ಬಂದು ಅರ್ಜಿ ಬಡಿಯುತ್ತಿದ್ದ ಹುಡುಗಿ, ನಾನು ಆಳಂದದಿಂದ ವಾರಕ್ಕೊಮ್ಮೆ ಬಂದು ಯಂತ್ರ ನೋಡಿಹೋಗುವ ಬಲ್ಲವನು, ಸರ್, ನೀವು ಆ ಗಡಿಯಾರ ಹಾಕಿ ಹ್ವಾದ ಮ್ಯಾಲೆ ಹಿಂಗ ಆಗಾಕತ್ತದ್ರಿ ಅಂದಿದ್ದಳು, ಯಾವ ದಿನ ಎಷ್ಟು ಹೊತ್ತಿಗೆ ನಿಂತಿತೆಂದು ಹಾಳೆಯಲ್ಲಿ ಬರೆದು ಇಟ್ಟಿದ್ದಳು, ನಾನು ಹಾಳೆ ನೋಡಲಿಲ್ಲ, ನಕ್ಕೆ, ಗಡಿಯಾರ ನಾನೇ ಬರೆದ ಪ್ರೋಗ್ರಾಂ, ಕನ್ನಡ ಅಂಕಿಯದು, ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು, ಅದರಲ್ಲಿ ತಪ್ಪೇ? ದೌಲತರಾಯರ ಕಡೆ ತಿರುಗಿ ಈ ಹುಡುಗಿ ಏನೇನರ ಒತ್ತಿರ್ತಾಳ್ರಿ ಅಂದುಬಿಟ್ಟೆ, ಅಷ್ಟೇ, ಮುಂದಿನ ಗುರುವಾರ ಬಂದಾಗ ಅವಳಿರಲಿಲ್ಲ, ನಾನು ಯಾಕೆಂದು ಕೇಳಲೂ ಇಲ್ಲ. ಇವತ್ತು ಮಿಕ್ಕದ್ದೆಲ್ಲ ಮುಚ್ಚಿದೆ, ಗಡಿಯಾರವೊಂದೇ ಉಳಿಯಿತು, ಪಟ್ಟಿ ಇಳಿಯಿತು, ಗಡಿಯಾರ ಮುಚ್ಚಿದೆ, ನಿಂತಿತು, ತೆರೆದೆ, ಇಳಿಯಿತು, ನಾನು ಬರೆದದ್ದನ್ನೇ ಓದಿದೆ — ಹತ್ತು ಸೆಕೆಂಡಿಗೊಮ್ಮೆ ಮುಳ್ಳು ಬರೆಯಲು ಯಂತ್ರದಿಂದ ಹೊಸ ಪೆನ್ನು ಕೇಳುತ್ತದೆ, ಬರೆದ ಮೇಲೆ ವಾಪಸು ಕೊಡುವುದಿಲ್ಲ, ಒಂದೊಂದು ಪೆನ್ನೂ ಒಂದಿಷ್ಟು ಜಾಗ ಹಿಡಿದು ಕೂರುತ್ತದೆ, ಒಂದು ಸಾಲು, ಒಂದೇ ಸಾಲು ಮರೆತಿದ್ದೆ.

ಆ ಸಾಲು ಸೇರಿಸಿದೆ, ಹೇಳಿದೆ, ಕೊನೆಗೆ ಹೇಳಿದೆ, ತಪ್ಪು ನಂದೈತ್ರಿ, ಆಕೀದಲ್ಲ, ದೌಲತರಾಯರು ಎಲೆಗೆ ಸುಣ್ಣ ಹಚ್ಚುತ್ತ ಈಗ ನೆಟ್ಟಗಾತಲ್ಲ ಬಿಡ್ರಿ ಅಂದರು, ಆಕೀನ ತಿರುಗಿ ಕರಸ್ರಿ ಅಂದೆ, ಆಕೀ ಜಾಗಕ್ಕ ಅಫಜಲಪುರದಿಂದ ಅಳಿಯನ ತಂಗಿ ಬರಾಕತ್ಯಾಳ, ಹ್ಯಾಂಗ ಬಿಡಸ್ಲಿ ಅಂದರು, ಆಳಂದದ ಬಸ್ಸು ಬಿಟ್ಟು ಕೊಳಕೂರಿನ ಬಸ್ಸು ಹತ್ತಿದೆ, ಕಿಟಕಿಯಾಚೆ ಬಿಳಿ ಹತ್ತಿ, ಕಪ್ಪು ನೆಲ, ಏನಂತ ಶುರುಮಾಡಲಿ, ಅವಳ ತಾಯಿ ಮದೀನಾಬಿ ಹೊಲದ ಕಡೆ ಕೈ ತೋರಿಸಿದಳು, ಸಾಲಿನ ನಡುವೆ ನಜಮುನ್ನಿಸಾ, ಸೊಂಟಕ್ಕೆ ಉಡಿ ಕಟ್ಟಿ ಹತ್ತಿ ಬಿಡಿಸುತ್ತಿದ್ದಾಳೆ, ನನ್ನ ಕಂಡು ಸೆರಗು ಸರಿಮಾಡಿಕೊಂಡಳು, ನಾನು ನಿಂತಲ್ಲೇ ಎಲ್ಲ ಒದರಿಬಿಟ್ಟೆ, ಬೈಯಲಿ ಎಂದು ಕಾದೆ, ಮಾಲಕರ ಮುಂದ ಹೇಳೀರೇನ್ರಿ ಎಂದು ಕೇಳಿದಳು, ಹೇಳೇನಿ ಅಂದೆ, ಮತ್ತ ಕರೀತಾರೇನ್ರಿ, ಇಲ್ಲ ಎಂದು ತಲೆ ಅಲ್ಲಾಡಿಸಿದೆ, ಅವಳು ಇನ್ನೊಂದು ಕಾಯಿ ಬಿಡಿಸಿ ಉಡಿಗೆ ಹಾಕಿದಳು, ಆಮೇಲೆ, ಮುಳ್ಳು ಎಷ್ಟು ಹೊತ್ತಿಗೊಮ್ಮೆ ಪೆನ್ನು ಕೇಳ್ತಿತ್ರಿ ಸರ್, ಹತ್ತು ಸೆಕೆಂಡಿಗೆ ಅಂದೆ, ಹಂಗಂದ್ರ ಮುಂಜಾನಿ ಹತ್ತಕ್ಕ ಹಚ್ಚಿದ್ರ ಮೂರಕ್ಕ ತುಂಬತದ, ಹಾಳ್ಯಾಗಿನ ನನ್ನ ಲೆಕ್ಕ ಬರೋಬರಿ ಇತ್ತು, ಅಂದಳು, ಮುಖದಲ್ಲಿ ಒಂದು ಗಳಿಗೆ ಬೆಳಕು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ, ಅವಳು ಬೆರಳೆತ್ತಿ ಗಾಳಿಯಲ್ಲಿ ಮುಳ್ಳು ತಿರುಗಿಸಿ ತೋರಿಸುತ್ತಿದ್ದಾಳೆ, ಹತ್ತಿಕಾಯಿಯ ಒಣಸಿಪ್ಪೆ ಸೀಳಿದ ಬೆರಳು, ತುದಿಯಲ್ಲಿ ಕಪ್ಪಾದ ರಕ್ತ, ಒಂದು ಸಲ ಜಿಗಿದು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ — ಅರ್ಜಿ ಬಡಿಯುತ್ತಿದ್ದ ಆ ಬೆರಳು — ಆ ಬೆರಳು