ಮೊಳದುದ್ದದ ಉಸಿರು

ಎಡಗಿವಿಯೊಳಕ್ಕೆ ಒಂದು ಬೆವರಹನಿ ಇಳಿಯುತ್ತಿದೆ, ಇಳಿಯಲಿ, ಒರೆಸಿಕೊಳ್ಳೋಣವೆಂದರೆ ಕೈ ಎಲ್ಲಿದೆ, ಕೈಯೂ ನಾನೂ ಸೇರಿ ಒಂದೇ ಗಂಟು, ಬುಗ್ಗೆಯ ಬಿಸಿನೀರಿನ ತೊಟ್ಟಿಯಿಂದ ಎಬ್ಬಿಸಿ, ಬಿಳಿಬಟ್ಟೆಯಲ್ಲಿ ಸುತ್ತಿ, ಮೇಲೆ ಕಂಬಳಿ ಬಿಗಿದು, ಹಸುಗೂಸಿನ ಹಾಗೆ ಮಲಗಿಸಿ ಹೋಗಿದ್ದಾಳೆ ಸ್ನಾನಗೃಹದ ಯಿತ್ಕಾ, ಅಲ್ಲಾಡ್ಬೇಡಿ ಬ್ಲಾಜೆನಾ ಅಮ್ಮ, ಚೆನ್ನಾಗಿ ಬೆವರಿ, ಸಂಗೀತ ಹಾಕಿರ್ತೀನಿ, ಕೇಳ್ತಾ ಕೇಳ್ತಾ ಹಾಗೇ ನಿದ್ದೆ ಹತ್ಬಿಡತ್ತೆ — ಡಾಕ್ಟರೂ ಅದನ್ನೇ ಹೇಳಿದ್ದು, ರಕ್ತದೊತ್ತಡಕ್ಕೆ ಬುಗ್ಗೆಯ ನೀರು, ಸ್ನಾನ, ಜೊತೆಗೆ ನೆಮ್ಮದಿಯ ಸಂಗೀತ, ನೆಮ್ಮದಿಯಂತೆ ನೆಮ್ಮದಿ, ವಯಸ್ಸೆಲ್ಲ ಈ ಊರಿನ ವಾದ್ಯಮೇಳದಲ್ಲಿ ಕೊಳಲೂದಿ ರೋಗಿಗಳಿಗೆ ಆ ಮದ್ದು ಅರೆದು ಕುಡಿಸಿದವಳು ನಾನು, ಕಂಬಸಾಲಿನ ಕೆಳಗೆ ಅವರು ಮೂತಿಯಿರುವ ಪಿಂಗಾಣಿ ಬಟ್ಟಲಿನಿಂದ ಉಪ್ಪುನೀರು ಹೀರುತ್ತ, ಮುಖ ಹುಳ್ಳಗೆ ಮಾಡುತ್ತ, ತಮ್ಮ ಪಿತ್ತಕೋಶದ ಸುದ್ದಿ ಮಾತಾಡುತ್ತ ಸುತ್ತು ಹೊಡೆಯುವುದು, ನಾವು ಊದುವುದು, ಈಗ ಮೇಳವೂ ಇಲ್ಲ, ಕಂಬಕ್ಕೊಂದು ಧ್ವನಿವರ್ಧಕ ನೇತುಹಾಕಿದ್ದಾರೆ, ಅದಕ್ಕೆ ಸಂಬಳ ಬೇಡ, ಕೆಮ್ಮೂ ಬರುವುದಿಲ್ಲ. ಪಿಟೀಲುಗಳು ಶುರುವಾದವು, ಮೆತ್ತಗೆ, ಬೆಕ್ಕಿನ ಹೆಜ್ಜೆ — ಬೇಡ, ಇದು ಬೇಡ, ಯಿತ್ಕಾ, ಇದೊಂದನ್ನು ಬಿಟ್ಟು ಬೇರೆ ಯಾವುದಾದರೂ ಹಾಕೇ, ಅಂಗಡಿಯಲ್ಲಿ ಇದರ ಮೊದಲ ಸ್ವರ ಕೇಳಿದರೆ ಬ್ರೆಡ್ಡು ಕೈಬಿಟ್ಟು ಹೊರಗೋಡುವವಳು ನಾನು, ಈಗ ಓಡು ನೋಡೋಣ, ಕಂಬಳಿ ಹೊತ್ತುಕೊಂಡು ಉರುಳಿಕೊಂಡು ಹೋಗು — ಇನ್ನು ಸ್ವಲ್ಪದರಲ್ಲಿ ಅವನು ಬರುತ್ತಾನೆ, ಓತಕರ್, ನನ್ನ ಗಂಡ, ಅವನ ಓಬೋ, ಶಹನಾಯಿಯಂಥ ಆ ಕರಿಯ ಕೊಳವೆ, ಬಂದೇ ಬಂದ.

ಎಂಥ ನಯ, ಸತ್ತವನು ಇಷ್ಟು ನಯವಾಗಿ ಊದಬಾರದು. ಮೇಳದಲ್ಲಿ ನನ್ನ ಎಡಕ್ಕೇ ಅವನ ಕುರ್ಚಿ, ಪಕ್ಕದಲ್ಲಿ ಓಬೋದ ಬಾಯಿಗೆ ಸಿಕ್ಕಿಸುವ ಜೊಂಡಿನ ನಾಲಿಗೆ ನೆನೆಹಾಕಿದ ಸಣ್ಣ ಗಾಜಿನ ಲೋಟ, ಜನ ಅಂದುಕೊಳ್ಳುತ್ತಾರೆ ಓಬೋದವನಿಗೆ ಉಸಿರು ಸಾಲುವುದಿಲ್ಲವೆಂದು, ಅಲ್ಲ, ಹೆಚ್ಚಾಗುತ್ತದೆ, ಆ ಸೂಜಿಯಷ್ಟು ಸಂದಿಯಲ್ಲಿ ಎಷ್ಟು ಹೋದೀತು, ಎದೆಯಲ್ಲಿ ಹಳಸಿದ ಗಾಳಿ ನಿಂತುಬಿಡುತ್ತದೆ, ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ, ಸ್ವರ ಮುಗಿದೊಡನೆ ಮೊದಲು ಅದನ್ನು ಹೊರಗೆ ಹಾಕಿ ಆಮೇಲೆ ಹೊಸದು ಎಳೆಯಬೇಕು, ಓತಕರ್ ಮುಖ ನನ್ನ ಕಡೆ ತಿರುಗಿಸಿ ಹಾ ಎಂದು ಬಿಡುತ್ತಿದ್ದ, ಬಿಸಿ, ಜೀರಿಗೆ ವಾಸನೆ, ನೇರ ನನ್ನ ಎಡಗಿವಿಗೆ, ಇಷ್ಟು ವರ್ಷದ ದಾಂಪತ್ಯದಲ್ಲಿ ನನಗೆ ಅಷ್ಟು ಹತ್ತಿರದ ವಸ್ತು ಬೇರೆ ಇರಲಿಲ್ಲ. ಆ ಚಳಿಗಾಲ ಅವನಿಗೆ ಆಗಲೇ ಎದೆ ಕಟ್ಟಿತ್ತು, ರೇಡಿಯೋದವರು ಇದನ್ನೇ ಮುದ್ರಿಸಿಕೊಳ್ಳಲು ಬಂದರು, ಒಲೆಯ ಗುಂಯ್ ಸದ್ದು ಟೇಪಿಗೆ ಬೀಳುತ್ತದೆಂದು ಒಲೆ ಆರಿಸಿದರು, ಕೋಟು ತೊಟ್ಟು ಊದಿದೆವು, ಮೇಳ ನಡೆಸುವ ನಮ್ಮ ಮೇಸ್ಟ್ರು ಹ್ರುಷ್ಕಾ ಕೋಲು ತಟ್ಟಿ, ಓತಕರ್, ನಿನ್ನ ಉಸಿರು ಕೇಳಿಸ್ತಾ ಇದೆ ಕಣಯ್ಯ, ಇನ್ನೊಂದ್ಸಲ, ಇನ್ನೊಂದ್ಸಲ, ಕೇಳೋರು ರೋಗಿಗಳು, ಅವರಿಗೆ ಇನ್ನೊಬ್ಬ ರೋಗಿಯ ಏದುಸಿರು ಯಾಕೆ — ಎಲ್ಲರೂ ನಕ್ಕರು, ಓತಕರನೂ ನಕ್ಕ, ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ, ಕೊನೆಗೆ ಮೇಸ್ಟ್ರೇ ಬ್ಲೇಡು ಹಿಡಿದು ಟೇಪು ಕತ್ತರಿಸಿದ, ಉಸಿರಿದ್ದ ತುಂಡು ತೆಗೆದು ಎರಡು ಕೊನೆ ಅಂಟಿಸಿದ, ಆ ತುಂಡು, ಕಂದು ಪಟ್ಟಿ, ಮೊಳದುದ್ದ, ದರ್ಜಿಯ ಹಾಗೆ ಕೊರಳಿಗೆ ಹಾಕಿಕೊಂಡ, ಓತಕರ್ ನನ್ನ ಕಿವಿಯಲ್ಲಿ, ನೋಡೇ, ನನ್ನುಸಿರು ಒಂದು ಮೊಳ ಇದೆಯಂತೆ, ಕೋಟು ಹೊಲಿಸ್ಬೋದು. ಬೇಸಿಗೆ ಶುರುವಾಗಿ ಲಿಂಡನ್ ಮರ ಹೂ ಬಿಡುವ ಮುಂಚೆ ಹೋಗಿಬಿಟ್ಟ. ಮನೆಯಲ್ಲಿ ಅವನ ದನಿಯ ಒಂದು ಚೂರೂ ಇಲ್ಲ, ಯಾರು ಗಂಡನ ದನಿ ಹಿಡಿದಿಡುತ್ತಾರೆ, ಇರುವುದು ಈ ನಯವಾದ ಓಬೋ ಮಾತ್ರ, ಓಬೋ ಮರದ್ದು, ಓತಕರ್ ಇದ್ದದ್ದು ಆ ಪಟ್ಟಿಯಲ್ಲಿ, ರೇಡಿಯೋದ ಯಾವುದೋ ಡಬ್ಬಿಯಲ್ಲಿ ಸುರುಳಿಯಾಗಿ ಬಿದ್ದಿದ್ದೀತು, ಎಂದಾದರೂ ಕೇಳಬೇಕು, ಎಂದಾದರೂ — ಆ ಬೇಸಿಗೆ ಮೇಸ್ಟ್ರು ತನ್ನ ಹಳ್ಳಿಮನೆಯ ತೋಟದಿಂದ ಒಂದು ಬುಟ್ಟಿ ಚೆರ್ರಿ ಕಳಿಸಿದ್ದ, ವಿಧವೆಗೆ ಸಾಂತ್ವನ, ಕಡುಬು ಮಾಡಿ ಒಬ್ಬಳೇ ಕೂತು ತಿಂದೆ, ಸಿಹಿಯಾಗಿದ್ದವು, ಹಾಳಾದ್ದು ಸಿಹಿಯಾಗಿಯೇ ಇದ್ದವು.

ಪರದೆಯಾಚೆ ಯಾರನ್ನೋ ಮಲಗಿಸುತ್ತಿದ್ದಾಳೆ, ಮುದುಕನ ನಗು, ಏನೇ ಯಿತ್ಕಾ, ಹಿಂಗೆ ಬಿಗಿದ್ರೆ ಹೆಣಾನಾ ನಾನು, ಸುಮ್ನಿರಿ ಮೇಸ್ಟ್ರೇ, ಹೆಣ ಇಷ್ಟು ಮಾತಾಡಲ್ಲ — ಮೇಸ್ಟ್ರು, ಈ ಊರಿನಲ್ಲಿ ಮೇಸ್ಟ್ರೆಂದರೆ ಒಬ್ಬನೇ, ಹ್ರುಷ್ಕಾ, ಒಂದು ಬಟ್ಟೆಯ ಆಚೆ, ಅವನೂ ಗಂಟು ನಾನೂ ಗಂಟು. ಸ್ವಲ್ಪ ಜೋರು ಮಾಡೇ, ಇದು ನಂದೇ ಮೇಳ, ಈ ಓಬೋ ಕೇಳು, ಎಷ್ಟು ಉದ್ದಕ್ಕೆ ಎಳೀತಾನೆ, ಉಸಿರೇ ತಗೊಳ್ಳಲ್ಲ, ಪ್ರಾಗ್‌ನವರು ಕೂಡ ಕೇಳಿದ್ರು, ಯಾರಪ್ಪಾ ಇವನು ಅಂತ. ಯಾರು ಮೇಸ್ಟ್ರೇ ಅವ್ರು, ಯಿತ್ಕಾ ಕೇಳುತ್ತಾಳೆ. ಹೇಳು, ನನ್ನ ಮನಸ್ಸಿನಲ್ಲೇ, ಹೆಸರು ಹೇಳು, ಅಷ್ಟಾದರೂ — ಅವನು... ಇದ್ದ ಒಬ್ಬ, ಎದೆ ಸರಿಯಿರಲಿಲ್ಲ ಪಾಪ, ಹೆಸರು ನಾಲಿಗೆ ತುದೀಲೇ ಇದೆ ನೋಡು. ಯಿತ್ಕಾಳ ಚಪ್ಪಲಿಯ ಸದ್ದು ದೂರವಾಯಿತು. ಓತಕರ್, ಎಂದೆ. ನನ್ನ ದನಿಯೇ, ಇಷ್ಟು ಗಟ್ಟಿ. ಯಾರಮ್ಮಾ ಅದು? ಬ್ಲಾಜೆನಾ, ಕೊಳಲು, ಅವನ ಹೆಂಡ್ತಿ. ಅಯ್ಯೋ ಬ್ಲಾಜೆನಾ, ನೀನಿನ್ನೂ ಇದ್ದೀಯಾ, ಭೇಷ್, ಕೇಳ್ತಾ ಇದ್ದೀಯಲ್ಲ, ಎಂಥಾ ಶಾಂತಿ ಅಲ್ವಾ. ಮೇಸ್ಟ್ರೇ, ನೀವು ಕತ್ತರಿಸಿದ ಆ ತುಂಡು, ಅವನ ಉಸಿರಿದ್ದದ್ದು, ಕೊರಳಿಗೆ ಹಾಕ್ಕೊಂಡಿದ್ರಿ, ಅದೇನಾಯ್ತು? ನನ್ನ ಎದೆ ಕಂಬಳಿಯನ್ನು ಒದೆಯುತ್ತಿದೆ, ಡಬ್ಬಿ ಅನ್ನು, ಅಟ್ಟದ ಮೇಲಿದೆ ಅನ್ನು, ಹುಡುಕಿಸ್ತೀನಿ ಅನ್ನು. ಹಾಗೇ ಹಾಕ್ಕೊಂಡೇ ಮನೆಗೆ ಹೋಗಿದ್ದೆ ಕಣೇ, ನನ್ನ ಹೆಂಡ್ತಿ ನಕ್ಕೂ ನಕ್ಕೂ ಸಾಕಾದ್ಲು, ಆಮೇಲೆ ಆ ಚೂರುಪಾರು ಟೇಪೆಲ್ಲ ಹಳ್ಳಿಮನೇಲಿ ಚೆರ್ರಿ ಮರಕ್ಕೆ ಕಟ್ಟಿದ್ವಿ, ಎಲ್ರೂ ಕಟ್ತಾರಲ್ಲ, ಹಕ್ಕಿ ಬರ್ದೇ ಇರ್ಲಿ ಅಂತ, ಗಾಳಿಗೆ ಬರ್ರ್ ಅನ್ನತ್ತೆ, ಆ ವರ್ಷ ಒಂದು ಹಣ್ಣೂ ಹಕ್ಕಿ ಮುಟ್ಟಲಿಲ್ಲ, ನಿನಗೂ ಒಂದು ಬುಟ್ಟಿ ಕಳ್ಸಿದ್ದೆ, ಬಂತಾ?

ಬಂತು ಮೇಸ್ಟ್ರೇ. ಬಂತು, ತಿಂದೆ, ಬೀಜ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟೆ, ಚೀರಬೇಕು, ಎದೆಯಲ್ಲಿ ಹಳಸಿದ್ದೆಲ್ಲ ಹೊರಗೆ ಹಾಕಬೇಕು ಮೊದಲು, ಆಮೇಲೆ ಹೊಸದು, ಆಗುತ್ತಿಲ್ಲ, ಸಂದಿ ಸಣ್ಣದು, ಆಚೆ ಆಗಲೇ ಗೊರಕೆ, ಅವನಿಗೆ ನೆಮ್ಮದಿ ಹತ್ತಿತು, ಓಬೋ ಏರುತ್ತಿದೆ, ಕತ್ತರಿಸಿ ಅಂಟಿಸಿದ ಆ ಜಾಗ ಬರುತ್ತಿದೆ, ಈಗ ಮುಖ ತಿರುಗಿಸುತ್ತಾನೆ, ಈಗ, ಎಡಗಿವಿ — ತಣ್ಣಗಿನ ಬೆವರಹನಿ, ಸ್ವರ ನಿಲ್ಲದೆ ದಾಟಿಹೋಯಿತು — ಚೆರ್ರಿ ಮರದ ಕೊಂಬೆಗೆ ಒಂದು ಕಂದು ಪಟ್ಟಿ, ಮೊಳದುದ್ದ, ಗಾಳಿಗೆ ಬರ್ರೆನ್ನುತ್ತಿದೆ, ಹಕ್ಕಿಗಳು ಹೆದರಿ ಏಳುತ್ತಿವೆ, ಕಂದು ಪಟ್ಟಿ, ಮೊಳದುದ್ದ —