ಮೂರೂವರೆಯಿಂದ ನಾಲ್ಕೂವರೆ

ಒಂದು ಕೈಯಲ್ಲಿ ಮಗಳ ಎಡಗಾಲಿನ ಬೂಟು, ಇನ್ನೊಂದು ಕೈಯಲ್ಲಿ ಕಿವಿಗೊತ್ತಿದ ಫೋನು, ಕಣ್ಣು ಮಾತ್ರ ಬಸ್ ನಿಲ್ದಾಣದ ಬೋರ್ಡಿನ ಮೇಲೆ. "ಯಾರೂ ಏನೂ ಮುಟ್ಟಬೇಡಿ," ಎಂದಳು ಅವಳು. "ಮೊದಲು ಯಾರು ಏನು ಮಾಡಿದ್ರಿ ಹೇಳಿ."

ಬೋರ್ಡಿಗೆ ಹುಚ್ಚು ಹಿಡಿದಿತ್ತು. ಆರನೇ ನಂಬರಿನ ಬಸ್ಸು ಮೈನಸ್ ನಲವತ್ತು ನಿಮಿಷದಲ್ಲಿ ಬರಲಿದೆ ಎನ್ನುತ್ತಿತ್ತು. ಹನ್ನೊಂದನೆಯದು ಮೈನಸ್ ನಲವತ್ತೆರಡು. ಶಾಲೆ ಬಿಟ್ಟ ಮಕ್ಕಳು, ಅವರ ಚೀಲ ಹೊತ್ತ ಅಪ್ಪ ಅಮ್ಮಂದಿರು ನಿಲ್ದಾಣದಿಂದ ಉಕ್ಕಿ ರಸ್ತೆಗಿಳಿದಿದ್ದರು. ಮಗಳು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು, ಬೂಟಿನೊಳಗಿನ ಕಲ್ಲನ್ನು ಅಮ್ಮ ಯಾವಾಗ ಕೊಡವುತ್ತಾಳೋ ಎಂದು ಕಾಯುತ್ತಿದ್ದಳು. ಪಕ್ಕದ ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು ಬೋರ್ಡನ್ನು ಎರಡೆರಡು ಸಲ ಓದಿ, ಯಾರಿಗೂ ಅಲ್ಲವೆನ್ನುವಂತೆ ಹೇಳಿದಳು: "ಬಸ್ಸೆಲ್ಲ ಆಗಲೇ ಬಂದು ಹೋಗಿವೆಯಂತೆ. ನಾವು ಹುಟ್ಟಿದ್ದೇ ತಡ ಆಯ್ತೋ ಏನೋ."

ಆ ಬೋರ್ಡು ಅವಳದೇ. ಅದೊಂದೇ ಅಲ್ಲ, ಊರಿನ ಎರಡು ಸಾವಿರ ನಿಲ್ದಾಣಗಳ ಬೋರ್ಡುಗಳಿಗೂ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿಕೊಡುವ ತಂತ್ರಾಂಶ ಅವಳ ವಿಭಾಗದ್ದು. ಹನ್ನೊಂದು ವರ್ಷದಿಂದ ಆ ಕಂಪನಿಯಲ್ಲಿದ್ದವಳು, ಐದು ವರ್ಷದಿಂದ ಆ ವಿಭಾಗದ ಮುಖ್ಯಸ್ಥೆ.

ಫೋನಿನ ಆ ಬದಿಯಲ್ಲಿದ್ದವನು ಪರೀಕ್ಷಕ. ತಂತ್ರಾಂಶದಲ್ಲಿ ಏನೇ ಬದಲಾದರೂ ಹೊರಗೆ ಬಿಡುವ ಮುಂಚೆ ತಿಕ್ಕಿ ತೀಡಿ ನೋಡುವುದು ಅವನ ಕೆಲಸ. ವಿಭಾಗದವರೆಲ್ಲ ಅವನನ್ನು ಹಲ್ಲುನೋವು ಎಂದು ಕರೆಯುತ್ತಿದ್ದರು. ವಾರಕ್ಕೆರಡು ಸಲ ಹಲ್ಲಿನ ಡಾಕ್ಟರ ಹೆಸರು ಹೇಳಿ ಎದ್ದು ಹೋಗುತ್ತಿದ್ದ. ಬಾಯಿ ತೆರೆದರೆ ಹಲ್ಲುಗಳು ಮುತ್ತು ಪೋಣಿಸಿದಂತಿದ್ದವು. ಅವನು ತಗ್ಗಿದ ದನಿಯಲ್ಲಿ ಹೇಳಿದ್ದಿಷ್ಟು: ಹೊಸ ಸಾಹೇಬರು ಮೂರೂವರೆಯ ತಡೆಯನ್ನು ತೆಗೆಸಿದರು, ನಾಲ್ಕಕ್ಕೆ ಸರಿಯಾಗಿ ಹೊಸ ಬದಲಾವಣೆಯನ್ನು ಹೊರಗೆ ಬಿಡಿಸಿದರು, ಒಂದು ನಿಮಿಷದಲ್ಲಿ ಊರೆಲ್ಲ ಮೈನಸ್ಸಾಯಿತು.

ಅವಳು ಬೆಚ್ಚಿದಳು. ಬೋರ್ಡು ಕೆಟ್ಟದ್ದಕ್ಕಲ್ಲ, ತಡೆ ತೆಗೆಸಿದರು ಎಂಬ ಮಾತಿಗೆ.

ಬೂಟು ಕೊಡವಿ, ಮಗಳ ಕಾಲಿಗೆ ಹಾಕಿ, ದಾರ ಬಿಗಿಯುತ್ತಲೇ ಅವಳು ಒಂದೊಂದಾಗಿ ಹೇಳಿಕೊಟ್ಟಳು: ಹೊಸತನ್ನು ಹಿಂದಕ್ಕೆ ತೆಗಿ, ನಿನ್ನೆಯದನ್ನು ಕೂರಿಸು, ಪಶ್ಚಿಮದ ಡಿಪೋದಿಂದ ಶುರು ಮಾಡು, ಸಾಹೇಬರು ಏನಾದರೂ ಕೇಳಿದರೆ ಹದಿನೈದು ನಿಮಿಷ ಕಾಯಲು ಹೇಳು. ಹದಿನೆಂಟನೇ ನಿಮಿಷಕ್ಕೆ ಬೋರ್ಡು ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿ, ಆರನೇ ನಂಬರಿಗೆ ನಾಲ್ಕು ನಿಮಿಷ ಎಂದಿತು. ಅಜ್ಜಿ ಗಡಿಯಾರ ನೋಡಿಕೊಂಡು, "ಈಗ ನಂಬೋದು ಹೇಗೆ," ಎಂದಳು.

ಮೂರೂವರೆಯ ತಡೆಯ ಕಥೆ ಇಷ್ಟೇ. ಮೂರು ವರ್ಷದ ಹಿಂದೆ, ಮಗಳು ಶಾಲೆಗೆ ಹೋಗತೊಡಗಿದ ವಾರ, ಅವಳು ಆಫೀಸಿನ ಕ್ಯಾಲೆಂಡರಿನಲ್ಲಿ ದಿನವೂ ಮೂರೂವರೆಯಿಂದ ನಾಲ್ಕೂವರೆಯವರೆಗೆ ಒಂದು ಚೌಕ ಎಳೆದು, 'ಮಗಳನ್ನು ಶಾಲೆಯಿಂದ ಕರೆತರುವುದು' ಎಂದು ಬರೆದಿದ್ದಳು. ಗಂಡ ಆಸ್ಪತ್ರೆಯಲ್ಲಿ ಆಪರೇಶನ್ ಕೋಣೆಯ ನರ್ಸು. ಮಧ್ಯದಲ್ಲಿ ಕೈಗವಸು ಕಳಚಿ ಬರುವ ಹಾಗಿಲ್ಲ. ಬೆಳಗಿನ ಪಾಲು ಅವನದು, ಮಧ್ಯಾಹ್ನದ ಪಾಲು ಇವಳದು. ಒಂದೇ ವಾರದಲ್ಲಿ ಆ ಚೌಕದ ಮೇಲೆ ನಾಲ್ಕು ಮೀಟಿಂಗುಗಳು ಬಂದು ಕೂತವು. ಕೂರಿಸಿದವರೆಲ್ಲ ಒಳ್ಳೆಯವರೇ. ಇವತ್ತೊಂದು ದಿನ ಹೊಂದಿಸಿಕೊಳ್ಳಿ ಎಂದು ನಕ್ಕೇ ಕೇಳಿದ್ದರು. ಎರಡನೇ ವಾರ ಅವಳು ಹಳೆಯದನ್ನು ಅಳಿಸಿ 'ಡೇಟಾಬೇಸ್ ನಿರ್ವಹಣೆ' ಎಂದು ಬರೆದಳು. ಅಂದಿನಿಂದ ಒಬ್ಬನೇ ಒಬ್ಬನೂ ಅದರ ಹತ್ತಿರ ಸುಳಿಯಲಿಲ್ಲ. ಮನುಷ್ಯರ ಮಗುವಿಗಿಲ್ಲದ ಮರ್ಯಾದೆ ಡೇಟಾಬೇಸಿಗಿತ್ತು.

ಅಲ್ಲಿಗೇ ನಿಂತಿದ್ದರೆ ಅದೊಂದು ಸಣ್ಣ ಸುಳ್ಳಾಗಿ ಉಳಿಯುತ್ತಿತ್ತು. ಆದರೆ ಯಾರೋ ಒಬ್ಬ ಅತಿ ಶ್ರದ್ಧೆಯ ಎಂಜಿನಿಯರು, ನಿರ್ವಹಣೆ ನಡೆಯುವಾಗ ಯಾರಾದರೂ ಗೊತ್ತಿಲ್ಲದೆ ಬದಲಾವಣೆ ಬಿಟ್ಟುಬಿಟ್ಟಾರೆಂದು ಹೆದರಿ, ಬದಲಾವಣೆ ಬಿಡುವ ಯಂತ್ರವನ್ನು ಅವಳ ಕ್ಯಾಲೆಂಡರಿಗೆ ಕಟ್ಟಿಹಾಕಿಬಿಟ್ಟ. ಮೂರೂವರೆಯಾದರೆ ಯಂತ್ರ ತಾನಾಗಿಯೇ ಕೈಕಟ್ಟಿ ಕೂರುತ್ತಿತ್ತು. ಅವನು ಕೆಲಸ ಬಿಟ್ಟು ಹೋದ. ಅವಳಿಗಿದು ತಿಳಿದದ್ದು ನಾಲ್ಕು ತಿಂಗಳ ಮೇಲೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಇನ್ನೊಬ್ಬ ಪಾಠ ಹೇಳಿಕೊಡುತ್ತಿದ್ದಾಗ: ಮೂರೂವರೆ ಮೇಲೆ ಕೈ ಜೇಬಲ್ಲಿರಲಿ, ಆಗ ಡೇಟಾಬೇಸಿಗೆ ಚಿಕಿತ್ಸೆ. ಅವಳು ಕಾಫಿ ಲೋಟ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಹೇಳಿಬಿಡಬೇಕೆಂದು ತುಟಿಯವರೆಗೆ ಬಂದದ್ದನ್ನು ಕಾಫಿಯ ಜೊತೆ ನುಂಗಿದಳು.

ಹೊಸ ಸಾಹೇಬನು ಒಂದೂವರೆ ವರ್ಷದಲ್ಲಿ ಮೂರನೆಯವನು. ಮೊದಲನೆಯವನು ಗೋಡೆಗಳನ್ನು ಒಡೆಸಿ ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿದ್ದ, ಎರಡನೆಯವನು ಗಾಜಿನ ಗೋಡೆ ಹಾಕಿಸಿದ್ದ. ಇವನು ಬಂದ ಎರಡನೇ ದಿನವೇ ಬಸ್ಸಿನ ವಿಭಾಗ, ರೈಲಿನ ವಿಭಾಗ ಎರಡನ್ನೂ ಒಂದು ಮಾಡುವುದಾಗಿ ಸಾರಿದ್ದ. ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರೇ ಉಳಿಯುವುದು, ಹೆಸರು ಶುಕ್ರವಾರ ಹೊರಬೀಳುವುದು. ರೈಲಿನವನು ಸಂಜೆ ಕಸ ಗುಡಿಸುವವಳು ಬಂದು ಕಾಲೆತ್ತಿ ಎನ್ನುವವರೆಗೂ ಕುರ್ಚಿ ಬಿಡದವನು. ಅವಳಿಗೆ ಆ ಹುದ್ದೆಯ ಮೇಲೆ ಆಸೆಯಿರಲಿಲ್ಲವೆಂದರೆ ಅದು ಡೇಟಾಬೇಸಿಗಿಂತ ದೊಡ್ಡ ಸುಳ್ಳು. ಬಸ್ಸೂ ರೈಲೂ ಒಂದನ್ನೊಂದು ಕಾಯುವ ಹಾಗೆ ಮಾಡುವುದು ಹೇಗೆಂದು ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡು ತಿರುಗಿದ್ದಳು.

ಸಾಹೇಬನು ಕ್ಯಾಲೆಂಡರಿನ ಬೂದು ಚೌಕ ನೋಡಿ, ಇದೇನು ನಿರ್ವಹಣೆ ಎಂದು ಡೇಟಾಬೇಸಿನವನನ್ನು ಕೇಳಿದ್ದ. ಅವನು ಪಾಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ನಾವು ನಿರ್ವಹಣೆ ಮಾಡೋದು ಭಾನುವಾರ ಬೆಳಗಿನ ಜಾವ, ಇದು ಯಾವುದೋ ಗೊತ್ತಿಲ್ಲ. ವೇಗ ಹೆಚ್ಚಿಸಲೆಂದೇ ಬಂದ ಸಾಹೇಬನಿಗೆ ದಿನಕ್ಕೊಂದು ಗಂಟೆ ಸಿಕ್ಕಂತಾಯಿತು. ಇವಳನ್ನು ಒಂದು ಮಾತು ಕೇಳಲಿಲ್ಲ.

ಆ ಸಂಜೆ ಊಟ ಮುಗಿದ ಮೇಲೆ ಅವಳು ವರದಿ ಬರೆಯಲು ಕೂತಳು. ಅವರಲ್ಲೊಂದು ಪದ್ಧತಿ. ಏನಾದರೂ ಕೆಟ್ಟರೆ ಯಾರನ್ನೂ ದೂರುವಂತಿಲ್ಲ. ಯಾಕೆ ಎಂದು ಐದು ಸಲ ಕೇಳಿ, ಐದನೇ ಉತ್ತರದಲ್ಲಿ ಬೇರು ಹಿಡಿಯಬೇಕು. ಸಾಹೇಬರು ಒಪ್ಪಿ ಹೊರಗೆ ಬಿಟ್ಟ ಮೇಲೆ ಆ ವರದಿಯನ್ನು ಕಂಪನಿಯಲ್ಲಿ ಎಲ್ಲರೂ ಓದುತ್ತಾರೆ. ಬೋರ್ಡು ಯಾಕೆ ತಪ್ಪು ಹೇಳಿತು? ಅರ್ಧ ಬಸ್ಸುಗಳಿಗೆ ಚಾಲಕರೇ ಇಲ್ಲವೆಂದು ತಂತ್ರಾಂಶ ತಿಳಿಯಿತು. ಯಾಕೆ? ನಾಲ್ಕಕ್ಕೆ ಡಿಪೋಗಳಲ್ಲಿ ಪಾಳಿ ಬದಲಾಗುತ್ತದೆ. ಒಬ್ಬ ಚಾಲಕನ ಹೆಸರು ತೆಗೆದು ಇನ್ನೊಬ್ಬನದನ್ನು ಕೂರಿಸುವಷ್ಟರಲ್ಲಿ ಬದಲಾವಣೆ ಬಂದು ನುಗ್ಗಿತು. ಯಾಕೆ ನುಗ್ಗಿತು? ತಡೆ ತೆಗೆಯಲಾಗಿತ್ತು. ಪಾಳಿಯ ಹೊತ್ತಿಗೆ ಅಪಾಯವೆಂದು ಯಾಕೆ ಯಾರಿಗೂ ಗೊತ್ತಿರಲಿಲ್ಲ? ಮೂರು ವರ್ಷದಿಂದ ಆ ಹೊತ್ತಿನಲ್ಲಿ ಯಾರೂ ಬದಲಾವಣೆ ಬಿಟ್ಟಿರಲಿಲ್ಲ. ಯಾಕೆ ಬಿಟ್ಟಿರಲಿಲ್ಲ?

ಅಲ್ಲಿ ಅವಳ ಬೆರಳು ನಿಂತವು. ಮಗಳು ಕುರ್ಚಿಯ ಹಿಂದಿನಿಂದ ಕತ್ತು ಚಾಚಿ, ಪರದೆಯ ಇನ್ನೊಂದು ಮೂಲೆಯಲ್ಲಿ ತೆರೆದಿದ್ದ ಕ್ಯಾಲೆಂಡರನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು.

"ಮೂರೂವರೆಗೆ ನೀನು ನನ್ನ ಹತ್ರ ಬರ್ತೀಯಲ್ಲಮ್ಮ. ಇಲ್ಲಿ ಬೇರೆ ಏನೋ ಇದೆ."

"ಹೌದು. ಬೇರೆ ಬರ್ದಿದೀನಿ."

"ನಾನು ಗುಟ್ಟಾ?"

ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಅಪ್ಪ ಹಲ್ಲುಜ್ಜಲು ಕರೆಯುತ್ತಿದ್ದ, ಓಡಿದಳು. ಅವಳು ಐದನೇ ಯಾಕೆಯ ಮುಂದೆ ಬರೆದಳು: ಆ ಹೊತ್ತಿಗೆ ನಾನು ಮಗಳನ್ನು ಶಾಲೆಯಿಂದ ಕರೆತರಲು ಹೋಗುತ್ತೇನೆ, ಹಾಗೆಂದು ಬರೆದರೆ ಆ ಹೊತ್ತು ನನಗೆ ಉಳಿಯುತ್ತಿರಲಿಲ್ಲ, ಅದಕ್ಕೇ ನಿರ್ವಹಣೆ ಎಂದು ಸುಳ್ಳು ಬರೆದೆ. ಮತ್ತೆ ಓದಿದರೆ ಮನಸ್ಸು ಬದಲಾದೀತೆಂದು ಓದದೆ ಸಾಹೇಬರಿಗೆ ಕಳಿಸಿದಳು.

ಮರುದಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ತಿರುವಿನಲ್ಲಿ ಹಲ್ಲುನೋವು ಅವಳಿಗಾಗಿಯೇ ಕಾದಂತೆ ನಿಂತಿದ್ದ. ಸಾಹೇಬರಿಗೆ ಕಳಿಸಿದ ವರದಿಯ ಪ್ರತಿ ಅವನಿಗೂ ಹೋಗಿತ್ತು.

"ಮೇಡಂ, ನನ್ನ ಹಲ್ಲಿಗೆ ಏನೂ ಆಗಿಲ್ಲ," ಎಂದ.

"ಗೊತ್ತಪ್ಪ. ಊರಿಗೇ ಗೊತ್ತು."

ಅವನು ನಗಲಿಲ್ಲ. ಮಗನಿಗೆ ಐದು ವರ್ಷ, ಮಾತು ಬಂದಿಲ್ಲ, ಮಾತು ಕಲಿಸುವವರ ಹತ್ತಿರ ವಾರಕ್ಕೆರಡು ಸಲ ಕರೆದುಕೊಂಡು ಹೋಗಬೇಕು, ಎರಡು ವರ್ಷದಿಂದ ಹೀಗೇ ನಡೆದಿದೆ ಎಂದ. ಹಲ್ಲು ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಮಗ ಎಂದರೆ ಹೆಂಡತಿ ಇಲ್ಲವಾ ಎಂದು ಕೇಳುತ್ತಾರೆ ಎಂದ. "ನೀವು ಬರ್ದಿದ್ದು ಎಲ್ರೂ ಓದ್ತಾರಾ?" ಎಂದು ಎರಡು ಸಲ ಕೇಳಿದ. ಓದುತ್ತಾರೆ ಎಂದಳು. ಎರಡು ವರ್ಷ ಅವಳೂ ಅವನ ಹಲ್ಲಿನ ಮೇಲೆ ತಮಾಷೆ ಮಾಡಿದ್ದಳು. ಉಳಿದ ಮೆಟ್ಟಿಲು ಹತ್ತುವಾಗ ಆ ನಗೆಯೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಸಾಹೇಬನು ಗಾಜಿನ ಕೋಣೆಯ ಬಾಗಿಲು ಹಾಕಿ, ಪರದೆಯನ್ನು ಅವಳ ಕಡೆ ತಿರುಗಿಸಿದ. ವರದಿ ಹಾಗೇ ಇತ್ತು, ಐದನೇ ಉತ್ತರವೊಂದನ್ನು ಬಿಟ್ಟು. ಅಲ್ಲಿ ಈಗ ಹೀಗಿತ್ತು: ಚಾಲಕರ ಪಾಳಿ ಬದಲಾವಣೆಯ ಅಪಾಯವನ್ನು ಅರಿತು, ವಿಭಾಗದ ಮುಖ್ಯಸ್ಥರು ಮುಂದಾಲೋಚನೆಯಿಂದ ಕಾಯ್ದಿರಿಸಿದ್ದ ಅವಧಿ, ದಾಖಲೆಯಲ್ಲಿ ಅದನ್ನು ನಮೂದಿಸಿರಲಿಲ್ಲ.

ಅವನು ಕೆಟ್ಟವನಲ್ಲ. ನೇರವಾಗಿಯೇ ಮಾತಾಡಿದ. ನಿನ್ನೆಯದರಲ್ಲಿ ತನ್ನದೂ ತಪ್ಪಿದೆ, ಕೇಳದೆ ತಡೆ ತೆಗೆಸಬಾರದಿತ್ತು ಎಂದ. ಇವಳು ಬರೆದದ್ದೇ ಹೊರಗೆ ಹೋದರೆ ಮೇಲಿನವರು ಬೋರ್ಡನ್ನು ಮರೆತು ಮೂರು ವರ್ಷದ ಸುಳ್ಳನ್ನು ಹಿಡಿದು ಎಳೆದಾಡುತ್ತಾರೆ, ರೈಲಿನವನಿಗೆ ಕೂತಲ್ಲೇ ಹುದ್ದೆ ಸಿಗುತ್ತದೆ. ಹೀಗೆ ಹೋದರೆ ತಪ್ಪೆಲ್ಲ ದಾಖಲೆಯ ತಲೆಗೆ, ಯಾರಿಗೂ ನಷ್ಟವಿಲ್ಲ. ಅಷ್ಟೇ ಅಲ್ಲ, ಊರನ್ನು ಮೂರು ವರ್ಷ ಕಾದವಳು ಎಂಬ ಹೆಸರಿನ ಮೇಲೆ ಎರಡೂ ವಿಭಾಗಗಳನ್ನು ಅವಳಿಗೇ ವಹಿಸುತ್ತೇನೆ, ಪತ್ರ ತಯಾರಿದೆ ಎಂದ. ಹಾಗೆ ನೋಡಿದರೆ ಅವಳು ಊರನ್ನು ಕಾದದ್ದು ನಿಜವೇ ಅಲ್ಲವೇ ಎಂದೂ ಕೇಳಿದ.

"ಮೂರೂವರೆಗೆ ನೀವು ಹೋಗಿ ಬನ್ನಿ, ನಾನು ಅಡ್ಡ ಬರೋದಿಲ್ಲ," ಎಂದ. "ನಿರ್ವಹಣೆ ಅಂತಲೇ ಇರ್ಲಿ. ಗೊತ್ತಿರೋದು ನಿಮಗೆ, ನನಗೆ, ಆ ಪರೀಕ್ಷಕನಿಗೆ. ಅವನಿಗೆ ನಾನು ಹೇಳ್ತೀನಿ."

ಗಾಜಿನಾಚೆ ಹಲ್ಲುನೋವು ತನ್ನ ಮೇಜಿನಲ್ಲಿ ಕೂತು, ಇತ್ತ ನೋಡಬಾರದೆಂದು ಪಣ ತೊಟ್ಟವನಂತೆ ಕೀಲಿಮಣೆ ನೋಡುತ್ತಿದ್ದ. ಅವಳು ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದಿದಳು. ಚೆನ್ನಾಗಿತ್ತು. ಮುಂದಾಲೋಚನೆ ಎಂಬ ಮಾತು ಅವಳಿಗೆ ಒಪ್ಪುತ್ತಿತ್ತು ಕೂಡ. ಹುದ್ದೆಯ ಪತ್ರದ ಮೇಲೆ ಅವಳ ಹೆಸರು ಅಚ್ಚಾಗಿತ್ತು, ಕೆಳಗೆ ಸಹಿಗೆ ಜಾಗ ಖಾಲಿ. ಬಸ್ಸೂ ರೈಲೂ ಒಂದನ್ನೊಂದು ಕಾಯುವ ಊರು ಕಣ್ಣ ಮುಂದೆ ಬಂದು ಹೋಯಿತು. ಅದನ್ನು ಮಾಡಬಲ್ಲವಳು ತಾನೊಬ್ಬಳೇ ಎಂದು ಅವಳಿಗೆ ಗೊತ್ತಿತ್ತು, ಸಾಹೇಬನಿಗೂ ಗೊತ್ತಿತ್ತು.

"ಹುದ್ದೆ ನನಗೆ ಬೇಕು," ಎಂದಳು. "ನಾನು ಬರೆದದ್ದನ್ನ ಓದಿದ ಮೇಲೂ ಕೊಡೋ ಹಾಗಿದ್ರೆ ಶುಕ್ರವಾರ ಕೊಡಿ."

"ಓದಿದ ಮೇಲೆ ಯಾರು ಕೊಡ್ತಾರೆ ಮೇಡಂ? ನಾನು ಕೈ ನೀಡ್ತಿರೋದು ಈಗ. ಒಂದು ಸಾಲಿನ ಮಾತು."

ಅವನು ಪೆನ್ನಿನ ಮುಚ್ಚಳ ತೆಗೆದು ಪತ್ರದ ಮೇಲಿಟ್ಟ.

"ಬೇಡ," ಎಂದಳು ಅವಳು.